ಸೊನ್ನೆಯ ಜಾಗದಲ್ಲಿ ಓ

ಅರವತ್ತರ ದಶಕದಲ್ಲಿ ಉಡುಪಿಯ ಟೈಪಿಂಗ್ ತರಗತಿಯಲ್ಲಿ ನಮಗೆ ಕಲಿಸುತ್ತಿದ್ದವರು ಕೆಮ್ಮಣ್ಣಿನಿಂದ ಬರುತ್ತಿದ್ದ ಒಬ್ಬ ಟೀಚರ್. ನಾವು ಟೈಪು ಮಾಡಿದ ಹಾಳೆಯನ್ನು ಮೂಗಿನ ಹತ್ತಿರ ಹಿಡಿದು, ಒಂದೊಂದರ ಮೇಲೂ ಪೆನ್ಸಿಲಿಟ್ಟು ಕೇಳುತ್ತಿದ್ದರು: "ಇದು ಎಂತ? ಅಕ್ಷರವಾ, ಅಂಕೆಯಾ, ಚಿಹ್ನೆಯಾ? ನೋಡಿ ಹೇಳು ಮಾರಾಯ್ತಿ." ತಪ್ಪಿದರೆ ಇಡೀ ಹಾಳೆಯನ್ನು ಮತ್ತೆ ಹೊಡೆಯಬೇಕಿತ್ತು.

ಒಮ್ಮೆ ನನ್ನಿಂದ ಒಂದೇ ಹಾಳೆಯನ್ನು ನಾಲ್ಕು ಸಲ ಹೊಡೆಸಿದರು. ಐದನೆಯ ಸಲ ನಾನು ಸಿಟ್ಟಿನಿಂದ ಸೊನ್ನೆಗಳ ಜಾಗದಲ್ಲೆಲ್ಲ ಇಂಗ್ಲಿಷಿನ ದೊಡ್ಡ ಓ ಹೊಡೆದೆ. ಅವರು "ಅಂಕೆ, ಸರಿ ಉಂಟು" ಎನ್ನುತ್ತ ಎಲ್ಲಕ್ಕೂ ಗುರುತು ಹಾಕಿದರು. ಅವರ ಕಣ್ಣು ಮಂಜಾಗುತ್ತಿರುವುದು ನನಗೆ ಗೊತ್ತಿತ್ತು. ಆದರೂ ಹಾಳೆಯನ್ನು ಎಲ್ಲರೆದುರು ತರಗತಿ ನಡೆಸುತ್ತಿದ್ದ ಯಜಮಾನರಿಗೆ ತೋರಿಸಿದೆ. ಹುಡುಗಿಯರು ನಕ್ಕರು. ಟೀಚರ್ ಪೆನ್ಸಿಲನ್ನು ಮೇಜಿನ ಮೇಲಿಟ್ಟರು. ಸೋಮವಾರ ಅವರ ಕುರ್ಚಿಯಲ್ಲಿ ಬೇರೊಬ್ಬರು ಕೂತಿದ್ದರು.

ಮಣಿಪಾಲದಲ್ಲಿ ನನಗೆ ಟೈಪಿಸ್ಟ್ ಕೆಲಸ ಸಿಕ್ಕ ಮೇಲೆ, ಕಾಪುವಿಗೆ ಹೋಗುವ ಬಸ್ಸಿನಲ್ಲಿ ಒಮ್ಮೆ ಆ ಹಳೆಯ ಟೀಚರ್ ನನ್ನ ಪಕ್ಕದಲ್ಲೇ ಕೂತಿದ್ದರು. ಕಂಡಕ್ಟರನ ಹತ್ತಿರ ಮಾತಾಡಿದ ನನ್ನ ಸ್ವರ ಕೇಳಿ ಗುರುತು ಹಿಡಿದರು.

"ಕೆಲಸ ಸಿಕ್ಕಿತಾ? ಒಳ್ಳೆಯದಾಯಿತು. ನಿನ್ನ ಬೆರಳು ಚೆನ್ನಾಗಿತ್ತು, ಹಾಗಾಗಿ ನಿನಗೇ ಜಾಸ್ತಿ ಹೊಡೆಸಿದ್ದು" ಎಂದರು.

ಕ್ಷಮೆ ಕೇಳಲು ಬಾಯಿ ತೆರೆದೆ. "ಹೌದು ಟೀಚರ್" ಎಂದಷ್ಟೇ ಹೇಳಿ, ಇಳಿಯಬೇಕಾದ ಸ್ಟಾಪಿಗಿಂತ ಮೊದಲೇ ಇಳಿದುಬಿಟ್ಟೆ.