ತಪ್ಪು ಉತ್ತರದ ಸರದಿ

ಶಿಕ್ಷಕರನ್ನು ತಯಾರು ಮಾಡುವುದು ಹೇಗೆಂದು ಭಾಷಣ ಮಾಡಿದವರು ನಮ್ಮ ಕ್ಷೇತ್ರದಲ್ಲಿ ಬಹಳ, ಪುಸ್ತಕ ಬರೆದವರು ಸಾಕಷ್ಟು, ಸುತ್ತೋಲೆ ಹೊರಡಿಸಿದವರಿಗಂತೂ ಲೆಕ್ಕವೇ ಇಲ್ಲ. ಆದರೆ ಮುಂದೆ ಶಿಕ್ಷಕರಾಗುವವರಿಗೆಂದು ನಾಲ್ಕು ವರ್ಷದ ಒಂದು ಪದವಿಯನ್ನು ಬರಿಗೈಯಲ್ಲಿ ಕಟ್ಟಿ, ಅದು ದಾರಿ ತಪ್ಪಿದೆಯೆಂದು ತಿಳಿದ ಗಳಿಗೆಯಲ್ಲಿ ಎಲ್ಲರೆದುರು ಅದನ್ನು ಒಪ್ಪಿಕೊಂಡು, ಮತ್ತೆ ಅಡಿಪಾಯದಿಂದ ಕಟ್ಟಿದವರು ನಾನು ಕಂಡಂತೆ ಒಬ್ಬರೇ. ಈ ತಿಂಗಳು ವಿಭಾಗ ಮುಖ್ಯಸ್ಥೆಯ ಹುದ್ದೆಯಿಂದ ನಿವೃತ್ತರಾಗುತ್ತಿರುವ ನಮ್ಮ ಮೇಡಂ ಅವರಿಗೆ ಒಂದು ಕಾಲದಲ್ಲಿ ವಿದ್ಯಾರ್ಥಿನಿಯಾಗಿ, ಈಗ ಸಹೋದ್ಯೋಗಿಯಾಗಿ ಈ ಮಾತುಗಳನ್ನು ಅರ್ಪಿಸುವುದು ನನ್ನ ಭಾಗ್ಯವೆಂದೇ ತಿಳಿದಿದ್ದೇನೆ. ವಿದ್ಯಾರ್ಥಿಗಳು ಬೆನ್ನ ಹಿಂದೆ ಅವರಿಗಿಟ್ಟ ಹೆಸರು ‘ಯಾಕಮ್ಮ’. ಯಾರು ಏನು ಹೇಳಿದರೂ ಹುಬ್ಬೇರಿಸಿ ‘ಯಾಕಮ್ಮ?’, ‘ಯಾಕಪ್ಪ?’ ಎಂದು ಕೇಳುತ್ತಿದ್ದುದರ ಫಲ ಅದು. ಹೆಸರು ಅವರ ಕಿವಿಗೆ ಬಿದ್ದಿಲ್ಲವೆಂದು ನಾವು ನಂಬಿಕೊಂಡಿದ್ದೆವು. ಬಿದ್ದಿಲ್ಲವೆಂಬಂತೆ ಅವರೂ ಇದ್ದುಬಿಟ್ಟರು.

ನಾನು ಸೇರಿದ ಕಾಲಕ್ಕೆ ಈ ಪದವಿಗೆ ಬರುತ್ತಿದ್ದವರು ಹೆಚ್ಚಾಗಿ ಬೇರೆಲ್ಲೂ ಸೀಟು ಸಿಗದವರು. ಹೊಲಿಗೆ ಕೆಲಸ ಮಾಡಿ ನಮ್ಮನ್ನು ಸಾಕಿದ ನನ್ನಮ್ಮ, ‘ಸೂಜಿ ಹಿಡಿಯೋಕೆ ಬರಲ್ಲ, ಲೆಕ್ಕ ತಲೆಗೆ ಹತ್ತಲ್ಲ. ಬಾಯಿ ಒಂದು ಜೋರಾಗಿದೆ, ಮೇಷ್ಟ್ರಾದ್ರೂ ಆಗು ಹೋಗು’ ಎಂದು ಆಶೀರ್ವದಿಸಿ ಕಳಿಸಿದ್ದರು. ಪ್ರಯೋಗಾಲಯದ ಹಿಂಭಾಗದ ಎರಡು ಕೋಣೆಗಳೇ ನಮ್ಮ ವಿಭಾಗ. ಗೋಡೆಯಾಚೆಯಿಂದ ಸದಾ ಗ್ಯಾಸಿನ ವಾಸನೆ. ಕಪ್ಪುಹಲಗೆಯ ಎಡಮೂಲೆಯಲ್ಲಿ ಸೀಮೆಸುಣ್ಣ ಹಿಡಿಯುತ್ತಿರಲಿಲ್ಲ, ಹಾಗಾಗಿ ನಾವೆಲ್ಲ ಬಲಕ್ಕೆ ಒತ್ತಿ ಬರೆಯುವುದನ್ನು ಕಲಿತೆವು; ಇವತ್ತಿಗೂ ನಮ್ಮ ಕಾಲದವರನ್ನು ಹಲಗೆ ನೋಡಿಯೇ ಗುರುತಿಸಬಹುದು.

ಅಮ್ಮ ಹೊಗಳಿದ ಬಾಯಿ ತರಗತಿಯಲ್ಲಿ ಕೈಕೊಟ್ಟಿತು. ಮನೆಯಲ್ಲಿ ಹುಲಿ, ಹೊರಗೆ ಇಲಿ ಅನ್ನುತ್ತಾರಲ್ಲ, ಅದೇ ಕಥೆ. ನನ್ನ ದನಿ ಎರಡನೇ ಬೆಂಚು ದಾಟುತ್ತಿರಲಿಲ್ಲ. ಮೇಡಂ ಬೈಯಲಿಲ್ಲ. ಸಂಜೆ ಕಾಲೇಜು ಬಿಟ್ಟ ಮೇಲೆ ನನ್ನನ್ನು ಆಟದ ಮೈದಾನದ ಈ ತುದಿಯಲ್ಲಿ ನಿಲ್ಲಿಸಿ, ತಾವು ಆ ತುದಿಗೆ ಹೋಗಿ ನಿಂತು, ‘ಪಾಠ ಶುರು ಮಾಡು’ ಎಂದು ಕೈಬೀಸಿದರು. ಒಂದು ತಿಂಗಳು ಹೀಗೇ ನಡೆಯಿತು. ನಾನು ಕೂಗುವುದು, ಅವರು ಕಿವಿಗೆ ಕೈಹಚ್ಚಿ ತಲೆಯಾಡಿಸುವುದು. ಕೊನೆಗೊಂದು ಸಂಜೆ ನಡುವೆ ಗಿಡಗಳಿಗೆ ನೀರು ಹಾಕುತ್ತಿದ್ದ ತೋಟದ ಮಾಲಿ ಪೈಪು ಕೆಳಗಿಟ್ಟು, ‘ಅಮ್ಮಾ, ಬೇರು ನೀರು ಕುಡಿಯೋದು ನನಗೆ ಅರ್ಥ ಆಯ್ತು, ಇನ್ನು ಸಾಕು ಮಾಡಿ!’ ಎಂದ. ಆ ತುದಿಯಲ್ಲಿ ಮೇಡಂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನನ್ನ ದನಿ ಅಂದಿನಿಂದ ಎಲ್ಲೂ ಸೋತಿಲ್ಲ.

ಇಂಥವು ಒಂದೆರಡಲ್ಲ. ನಮ್ಮ ಜೊತೆಯವಳೊಬ್ಬಳು ಹಾಲು ಕುಡಿಯುವ ಕೂಸಿನೊಂದಿಗೆ ಪರೀಕ್ಷೆಗೆ ಬಂದಾಗ, ಅವಳು ಬರೆದು ಮುಗಿಸುವವರೆಗೆ ಕೂಸನ್ನು ಹೆಗಲಿಗೆ ಹಾಕಿಕೊಂಡು ಮೊಗಸಾಲೆಯಲ್ಲಿ ಅಡ್ಡಾಡಿದವರು ಮೇಡಂ. ಆಮೇಲೆ ಹೆಗಲ ಮೇಲೆ ಹಾಲಿನ ಕಲೆ ಹೊತ್ತೇ ಪ್ರಾಂಶುಪಾಲರ ಸಭೆಗೆ ಹೋಗಿ ಕೂತರು. ಅದನ್ನು ಯಾರೋ ತೋರಿಸಿದಾಗ, ‘ಇದು ನಮ್ಮ ವಿಭಾಗದ ಮುದ್ರೆ’ ಎಂದರಂತೆ.

ಆದರೂ ಮೇಡಂ ಯಾರೆಂಬುದು ನನಗೆ ನಿಜವಾಗಿ ತಿಳಿದದ್ದು ಕೊನೆಯ ವರ್ಷದಲ್ಲಿ. ನಮ್ಮ ಪದವಿಗೆ ಅಲ್ಲಿಯವರೆಗೆ ಇದ್ದದ್ದು ತಾತ್ಕಾಲಿಕ ಮಾನ್ಯತೆ. ಆ ವರ್ಷ ಪರಿಶೀಲನಾ ಸಮಿತಿ ಬಂದು ನೋಡಿ ಒಪ್ಪಿದರೆ ಮಾನ್ಯತೆ ಕಾಯಂ. ಒಪ್ಪದಿದ್ದರೆ ನಮ್ಮ ನಾಲ್ಕು ವರ್ಷದ ಓದು ಗೋಡೆಗೆ ತೂಗುಹಾಕಲೂ ಬಾರದ ಕಾಗದವಾಗುತ್ತಿತ್ತು, ಮೇಡಂ ಕಟ್ಟಿದ ವಿಭಾಗಕ್ಕೆ ಬೀಗ ಬೀಳುತ್ತಿತ್ತು. ಸಮಿತಿಯೆದುರು ಮಾದರಿ ಪಾಠ ಮಾಡಲು ಮೇಡಂ ಆರಿಸಿದ್ದು ನನ್ನನ್ನು. ಎದುರು ರಸ್ತೆಯಲ್ಲಿದ್ದ ಶಾಲೆಯೇ ನಮ್ಮೆಲ್ಲರ ಅಭ್ಯಾಸ ಪಾಠದ ಜಾಗ. ವರ್ಷವಿಡೀ ನಾವು ಸರದಿಯ ಮೇಲೆ ಅಲ್ಲಿಗೆ ಹೋಗಿ ಪಾಠ ಮಾಡುವುದು, ಮೇಡಂ ಕೊನೆಯ ಬೆಂಚಿನಲ್ಲಿ ಕೂತು ಅಂಕ ಹಾಕುವುದು, ಇದು ಪದ್ಧತಿ.

ಏಳನೇ ತರಗತಿ. ನೀರು ಆವಿಯಾಗುವ ಪಾಠ. ಒದ್ದೆ ಕರವಸ್ತ್ರವೊಂದಿದ್ದರೆ ಸಾಕು, ಬೇರೇನೂ ಬೇಡ. ಹಾಗಾಗಿ ನಮ್ಮಲ್ಲಿ ಎಲ್ಲರಿಗೂ ಅದು ಅಚ್ಚುಮೆಚ್ಚು. ಹಿಂದಿನ ಬೆಂಚಿನಲ್ಲಿ ಸಮಿತಿಯ ಮೂವರು, ಪಕ್ಕದಲ್ಲಿ ಪ್ರಾಂಶುಪಾಲರು, ಅವರ ಪಕ್ಕ ಮೇಡಂ. ಪಾಠ ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಸಾಗಿತ್ತು. ಕೇಳಿದ್ದಕ್ಕೆಲ್ಲ ಕೈ ಮೇಲೇಳುತ್ತಿದ್ದವು. ಸಮಿತಿಯ ಅಧ್ಯಕ್ಷರು ಕನ್ನಡಕ ಹಣೆಗೇರಿಸಿ ತಲೆದೂಗುತ್ತಿದ್ದರು. ನಾನು ಒಣಗಿದ ಕರವಸ್ತ್ರ ಎತ್ತಿಹಿಡಿದು, ‘ಇದರಲ್ಲಿದ್ದ ನೀರು ಎಲ್ಲಿಗೆ ಹೋಯ್ತು?’ ಎಂದು ಕೇಳಿದೆ. ಮುಂದಿನ ಸಾಲಿನ ಎರಡು ಜಡೆಯ ಹುಡುಗಿ ಎದ್ದುನಿಂತಳು. ಮುಖದ ತುಂಬ ಕಾಳಜಿ. ಮೆಲ್ಲಗೇ ಕೇಳಿದಳು, ಆದರೆ ನಿಶ್ಶಬ್ದವಾಗಿದ್ದ ಕೋಣೆಯಲ್ಲಿ ಅದು ಕೊನೆಯ ಬೆಂಚಿಗೂ ಕೇಳಿಸಿತು.

‘ಮಿಸ್, ಈಗ ತಪ್ಪು ಉತ್ತರ ಹೇಳ್ಬೇಕಾ, ಸರಿ ಉತ್ತರಾನಾ?’

ಅಧ್ಯಕ್ಷರ ಕನ್ನಡಕ ಹಣೆಯಿಂದ ಕಣ್ಣಿಗಿಳಿಯಿತು. ‘ಏನಮ್ಮಾ, ಎಲ್ಲಾ ಮೊದಲೇ ಹೇಳಿಕೊಟ್ಟು ಕರ್ಕೊಂಡು ಬಂದಿದ್ದೀರಾ?’ ಎಂದು ಕೇಳಿದರು. ನಾನು ಹೇಳಿಕೊಟ್ಟಿರಲಿಲ್ಲ. ಅದನ್ನು ಹೇಳುವಷ್ಟರಲ್ಲಿ ಪ್ರಾಂಶುಪಾಲರು, ‘ಮಕ್ಕಳಲ್ವಾ ಸಾರ್, ಬಾಯಿಗೆ ಬಂದದ್ದು ಹೇಳ್ತಾವೆ. ಮುಂದುವರಿಸಮ್ಮ’ ಎಂದು ತೇಪೆ ಹಾಕಲು ನೋಡಿದರು. ಮೇಡಂ ಸುಮ್ಮನಿದ್ದಿದ್ದರೆ ಆ ತೇಪೆ ನಿಲ್ಲುತ್ತಿತ್ತೇನೋ. ಅವರು ಎದ್ದು ಬಂದು ಆ ಹುಡುಗಿಯ ಬೆಂಚಿನ ಪಕ್ಕ ಕುಕ್ಕರಗಾಲಲ್ಲಿ ಕೂತರು.

‘ಯಾಕಮ್ಮ ಹಾಗೆ ಕೇಳ್ದೆ?’

ಹುಡುಗಿಗೆ ಅದರಲ್ಲಿ ಮುಚ್ಚಿಡುವಂಥದ್ದೇನೂ ಕಾಣಲಿಲ್ಲ. ‘ಈ ಪಾಠ ತುಂಬಾ ಸಲ ಆಗಿದೆ ಮಿಸ್. ಎಲ್ಲಾ ಹೊಸ ಮಿಸ್‌ಗಳೂ ಇದನ್ನೇ ಮಾಡ್ತಾರೆ. ಎಲ್ರೂ ಸರಿ ಹೇಳಿಬಿಟ್ರೆ ಮಿಸ್‌ಗೆ ವಿವರಿಸೋಕೆ ಏನೂ ಉಳಿಯಲ್ಲ, ಮಾರ್ಕ್ಸ್ ಹೋಗುತ್ತೆ. ಒಬ್ರು ಮಿಸ್ ಅತ್ತೂಬಿಟ್ಟಿದ್ರು. ಅದಕ್ಕೆ ಮೊದಲು ಒಬ್ರು ತಪ್ಪು ಹೇಳ್ತೀವಿ. ಇವತ್ತು ತಪ್ಪು ಹೇಳೋ ಸರದಿ ಇದ್ದೋನು ಜ್ವರ ಬಂದು ಮಲಗಿದಾನೆ. ಅದಕ್ಕೇ ಕೇಳ್ದೆ.’

ನಮ್ಮನ್ನು ಪಾಸು ಮಾಡಿಸಲು ಆ ಮಕ್ಕಳು ತಮ್ಮತಮ್ಮಲ್ಲೇ ಪಾಳಿ ಹಾಕಿಕೊಂಡಿದ್ದರು! ನಾವು ಅವರಿಗೆ ಕಲಿಸುತ್ತಿದ್ದೇವೆಂದು ಬೀಗುತ್ತಿದ್ದರೆ, ಅವರು ನಮ್ಮ ಮೇಲೆ ಕನಿಕರಪಟ್ಟು ಕಲಿಯುವಂತೆ ನಟಿಸುತ್ತಿದ್ದರು.

ಮೇಡಂ ಎದ್ದು ಸಮಿತಿಯ ಕಡೆ ತಿರುಗಿದರು. ‘ಸಾರ್, ಪಾಠ ಮಾಡಿದೋಳ ತಪ್ಪಿಲ್ಲ, ಈ ಮಗು ತಪ್ಪಂತೂ ಇಲ್ವೇ ಇಲ್ಲ. ನಾವು ನಡೆಸ್ತಿರೋ ಕೋರ್ಸೇ ತಪ್ಪು. ಗೊತ್ತಿರೋ ಮಕ್ಕಳಿಗೆ ಗೊತ್ತಿರೋ ಪಾಠ ಮಾಡಿಸಿ ಮಾರ್ಕ್ಸ್ ಹಾಕ್ತಾ ಇದ್ದೋಳು ನಾನು. ಇಷ್ಟು ದಿನ ಆ ಬೆಂಚಲ್ಲಿ ಕೂತು ಟೀಚರ್ ಮುಖ ನೋಡ್ದೆ, ಮಕ್ಕಳ ಬೆನ್ನು ನೋಡ್ದೆ. ಅವರ ಮುಖ ನೋಡ್ಲಿಲ್ಲ. ದಯವಿಟ್ಟು ವರದಿಯಲ್ಲಿ ಇದನ್ನೇ ಬರೀರಿ.’ ಪ್ರಾಂಶುಪಾಲರು ತಲೆಯ ಮೇಲೆ ಕೈಹೊತ್ತರು. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ ಎಂಬ ಗಾದೆ ಅವರಿಗೂ ಗೊತ್ತಿತ್ತು, ಮೇಡಂಗೂ ಗೊತ್ತಿತ್ತು.

ಅಷ್ಟಕ್ಕೇ ಬಿಡಲಿಲ್ಲ ಮೇಡಂ. ಮಕ್ಕಳನ್ನು, ‘ನಿಮಗೆ ನಿಜವಾಗ್ಲೂ ಗೊತ್ತಿಲ್ಲದ್ದು ಏನಾದ್ರೂ ಇದ್ರೆ ಈ ಮಿಸ್‌ನ ಕೇಳಿ’ ಎಂದರು. ಪಾಪ, ಅಂಥದ್ದನ್ನು ಅವರನ್ನು ಯಾರೂ ಕೇಳಿರಲಿಲ್ಲ. ಆಮೇಲೆ ಕಿಟಕಿ ಪಕ್ಕದ ಹುಡುಗನೊಬ್ಬ, ‘ಒಬ್ರು ಆಕಳಿಸಿದ್ರೆ ಪಕ್ಕದೋರೂ ಯಾಕೆ ಆಕಳಿಸ್ತಾರೆ?’ ಎಂದ. ನನಗೆ ಗೊತ್ತಿರಲಿಲ್ಲ. ಜೀವನದಲ್ಲಿ ಮೊದಲ ಸಲ ತರಗತಿಯಲ್ಲಿ, ‘ನನಗೂ ಗೊತ್ತಿಲ್ಲ, ನೋಡೋಣ ಬನ್ನಿ’ ಎಂದೆ. ಅರ್ಧ ತರಗತಿ ಬಾಯಿ ತೆರೆದು ಆಕಳಿಸುವುದು, ಉಳಿದರ್ಧ ತಡೆದುಕೊಳ್ಳುವುದು ಎಂದು ನಿಶ್ಚಯಿಸಿದೆವು. ಕಣ್ಣು ಮುಚ್ಚಿಕೊಂಡರೆ ಬರುವುದೇ, ಬರೀ ಸದ್ದು ಕೇಳಿದರೂ ಬರುವುದೇ ಎಂದು ಜಗಳವಾಯಿತು. ಹಿಂದೆ ಸಮಿತಿಯ ಸದಸ್ಯರೊಬ್ಬರು ಕರ್ಚೀಫು ಅಡ್ಡ ಹಿಡಿದರೂ ಆಕಳಿಕೆ ಅಡಗಿಸಲಾಗದೆ ಸಿಕ್ಕಿಬಿದ್ದಾಗ, ‘ದೊಡ್ಡೋರಿಗೂ ಬರುತ್ತೆ ಮಿಸ್, ಬರ್ಕೊಳ್ಳಿ!’ ಎಂದು ತರಗತಿ ಕೇಕೆ ಹಾಕಿತು. ಉತ್ತರ ಸಿಗಲಿಲ್ಲ. ಗಂಟೆ ಹೊಡೆದರೂ ಯಾರೂ ಏಳಲಿಲ್ಲ.

ಆದರೆ ಸಮಿತಿ ಸಮಿತಿಯೇ. ಮೇಡಂ ಹೇಳಿದ್ದನ್ನೇ ವರದಿಯಲ್ಲಿ ಬರೆದು, ಲೋಪ ಸರಿಯಾಗುವವರೆಗೆ ಒಂದು ವರ್ಷ ಮಾನ್ಯತೆಯನ್ನು ತಡೆಹಿಡಿಯಿತು. ನಮ್ಮ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಆ ವರ್ಷದ ನೇಮಕಾತಿಗೆ ಅರ್ಜಿ ಹಾಕಲು ನಮಗಾಗಲಿಲ್ಲ. ಗೆಳತಿಯರಲ್ಲಿ ಕೆಲವರು ಮೇಡಂ ಎದುರಾದರೆ ಮುಖ ತಿರುಗಿಸಿಕೊಂಡು ಹೋದರು. ನನಗೂ ಸಿಟ್ಟಿತ್ತು, ಅದನ್ನೇಕೆ ಮುಚ್ಚಿಡಲಿ.

ಮೇಡಂ ನಮ್ಮೊಬ್ಬೊಬ್ಬರ ಮನೆಗೂ ಬಂದರು. ನಮ್ಮ ಮನೆಯಲ್ಲಿ ಹೊಲಿಗೆ ಯಂತ್ರದ ಪಕ್ಕದ ಸ್ಟೂಲಿನ ಮೇಲೆ ಕೂತು ಅಮ್ಮನಿಗೆ, ‘ನಿಮ್ಮ ಮಗಳ ಒಂದು ವರ್ಷ ನನ್ನ ಮಾತಿಂದ ಹೋಯ್ತು. ಅದನ್ನ ಹೇಳಿ ಹೋಗೋಣ ಅಂತ ಬಂದೆ’ ಎಂದರು. ಅಮ್ಮ ಯಂತ್ರ ನಿಲ್ಲಿಸಲಿಲ್ಲ. ‘ಒಂದು ವರ್ಷ ಅಂದ್ರೆ ಸುಮ್ನೇನಾ ಮೇಡಂ?’ ಎಂದು ನಿಷ್ಠುರವಾಗಿಯೇ ಕೇಳಿದರು. ಮೇಡಂ, ‘ಅಲ್ಲ’ ಎಂದಷ್ಟೇ ಹೇಳಿ ತಲೆತಗ್ಗಿಸಿದರು. ಆಮೇಲೆ ಅಮ್ಮನಿಗೆ ಕುತೂಹಲ ತಡೆಯಲಾಗಲಿಲ್ಲ. ‘ಅಲ್ಲಾ, ಆ ಮಗು ಹಾಗೇ ಕೇಳಿಬಿಡ್ತಾ?’ ಎಂದರು. ಮೇಡಂ ಆ ಹುಡುಗಿಯ ದನಿಯಲ್ಲೇ ಹೇಳಿ ತೋರಿಸಿದರು. ‘ಅಯ್ಯೋ, ತಪ್ಪು ಹೇಳೋಕೂ ಪಾಳಿ ಹಾಕ್ಕೊಂಡಿದ್ವಾ ಮುಂಡೇವು!’ ಎಂದು ಅಮ್ಮ ಕಣ್ಣಲ್ಲಿ ನೀರು ಬರುವಂತೆ ನಕ್ಕರು, ಮೇಡಂ ನಕ್ಕರು, ಕೊನೆಗೆ ನನ್ನ ಸಿಟ್ಟೂ ಸೋತಿತು. ಚಹಾ ಕುಡಿದೇ ಹೋದರು.

ಮುಂದಿನದು ಈ ಕ್ಷೇತ್ರದವರಿಗೆಲ್ಲ ತಿಳಿದದ್ದೇ. ಒಂದೊಂದು ದಿನದ ಪ್ರದರ್ಶನ ಪಾಠ ತೆಗೆದುಹಾಕಿ, ಮಾನ್ಯತೆಗೆ ಕಾಯುತ್ತಿದ್ದ ನಾವೂ ಸೇರಿದಂತೆ ಪ್ರತಿ ವಿದ್ಯಾರ್ಥಿಯೂ ಒಂದು ಶಾಲೆಯ ಒಂದೇ ತರಗತಿಯೊಂದಿಗೆ ಇಡೀ ಅರ್ಧ ವರ್ಷ ಇರಬೇಕೆಂದು ಮೇಡಂ ಗೊತ್ತುಮಾಡಿದರು. ಅದಕ್ಕಾಗಿ ಶಾಲೆಯಿಂದ ಶಾಲೆಗೆ ಅಲೆದು, ಮುಖ್ಯೋಪಾಧ್ಯಾಯರ ಕೋಣೆಗಳ ಮುಂದೆ ಕಾದು ಕೂತರು. ‘ನಮ್ಮ ಮಕ್ಕಳೇನು ಪ್ರಯೋಗಕ್ಕೆ ಬಿಟ್ಟ ಇಲಿಗಳಾ?’ ಎಂದು ಕೇಳಿಸಿಕೊಂಡರು. ಮರುವಾರ ಅದೇ ಬಾಗಿಲಿಗೆ ಮತ್ತೆ ಹೋದರು. ಪಾಠ ನೋಡಲು ಬಂದರೆ ಹಿಂದೆ ಕೂರುವುದನ್ನು ಬಿಟ್ಟು, ಹಲಗೆಯ ಪಕ್ಕ ಮಕ್ಕಳಿಗೆ ಮುಖ ಮಾಡಿ ಕೂರತೊಡಗಿದರು. ನಾವು ಹೇಗೆ ಪಾಠ ಮಾಡಿದೆವೆಂದು ಒಂದು ಮಾತೂ ಹೇಳುತ್ತಿರಲಿಲ್ಲ. ‘ಮೂರನೇ ಸಾಲಿನ ಹುಡುಗ ಯಾವಾಗ ಕಿಟಕಿ ಕಡೆ ತಿರುಗಿದ? ನೀನಾಗ ಏನು ಹೇಳ್ತಿದ್ದೆ?’ ಎಂದು ಕೇಳುತ್ತಿದ್ದರು. ಉತ್ತರ ಗೊತ್ತಿಲ್ಲದಿದ್ದರೆ ನಾಳೆ ಮತ್ತೆ ಪಾಠ. ಮರುವರ್ಷ ಅದೇ ಸಮಿತಿ ಬಂದು ಕಾಯಂ ಮಾನ್ಯತೆ ಕೊಟ್ಟಿತು. ಇಂದು ಬೇರೆ ಕಾಲೇಜುಗಳೂ ಈ ಕ್ರಮ ಅನುಸರಿಸುತ್ತಿವೆ. ಆ ಕಾಲೇಜುಗಳ ಸಭೆಗಳಲ್ಲಿ ಯಾರಾದರೂ, ‘ನೀವು ಯಾರ ಕೈಕೆಳಗೆ ಕಲಿತದ್ದು?’ ಎಂದು ಕೇಳಿದಾಗ ಮೇಡಂ ಹೆಸರು ಹೇಳುತ್ತೇನಲ್ಲ, ಆಗ ನನ್ನ ಎದೆ ಉಬ್ಬುತ್ತದೆ. ವರ್ಷ ಕಳೆದುಕೊಂಡವರಲ್ಲಿ ನಾನೂ ಒಬ್ಬಳು ಎಂಬುದನ್ನು ಈಗ ಪದಕದಂತೆ ಹೇಳಿಕೊಳ್ಳುತ್ತೇನೆ.

ನಿವೃತ್ತಿಯ ಸುದ್ದಿ ಹಬ್ಬಿದ ಕೂಡಲೇ ಪಠ್ಯಕ್ರಮ ಸಮಿತಿಗಳಿಂದ, ದೊಡ್ಡ ಸಂಸ್ಥೆಗಳಿಂದ ಅವರಿಗೆ ಕರೆ ಬಂದವು. ಎಲ್ಲಕ್ಕೂ ನಯವಾಗಿ ಕೈಮುಗಿದರು. ಯಾಕೆಂದು ನಾನು ಕೇಳಿದೆ. ಅವರಿಂದಲೇ ಕಲಿತ ಪ್ರಶ್ನೆ. ‘ಇಷ್ಟು ಜನ ಟೀಚರ್‌ಗಳನ್ನ ತಯಾರು ಮಾಡ್ದೆ ಕಣೇ. ಒಂದು ಕ್ಲಾಸನ್ನ ಪೂರ್ತಿ ವರ್ಷ ನಾನೇ ನಡೆಸಿಲ್ಲ. ಬರುತ್ತೋ ಇಲ್ವೋ ನೋಡ್ಬೇಕು’ ಎಂದರು. ಸಣ್ಣದೊಂದು ಶಾಲೆಯಲ್ಲಿ ಒಂದನೇ ತರಗತಿಗೆ ಶಿಕ್ಷಕಿಯಾಗಿ ಸೇರಲು ಅರ್ಜಿ ಹಾಕಿದ್ದಾರೆ. ಅಲ್ಲಿನ ಮುಖ್ಯೋಪಾಧ್ಯಾಯಿನಿ ಮೇಡಂ ಅವರ ಶಿಷ್ಯೆಯೇ. ಆಕೆ, ‘ಮೇಡಂ, ಮೊದಲು ಒಂದು ತಿಂಗಳು ನೋಡೋಣ’ ಎಂದಿದ್ದಾಳಂತೆ. ಇದನ್ನು ಹೇಳುವಾಗ ಮೇಡಂ ಮುಖದಲ್ಲಿ ಹೆಮ್ಮೆಯಿತ್ತು, ಅದಕ್ಕಿಂತ ಹೆಚ್ಚಾಗಿ, ಮೊದಲ ಪಾಠಕ್ಕೆ ಹೊರಟ ಹುಡುಗಿಯ ದಿಗಿಲಿತ್ತು.

ನಮ್ಮ ಮೇಡಂ ಅವರಿಗೆ ದೀರ್ಘಾಯುಸ್ಸು, ಗಟ್ಟಿ ಆರೋಗ್ಯ, ಕೈತುಂಬ ಕೆಲಸ ದೊರೆಯಲಿ. ಆ ಪುಟ್ಟ ಮಕ್ಕಳು ಅವರ ಮೇಲೆ ಸ್ವಲ್ಪವೂ ಕನಿಕರ ತೋರದಿರಲಿ.