ಕರೆಂಟಿನ ಕೈ

ನಮೋಸ್ತು, ನಮೋಸ್ತು, ಅತ್ರ ತಿಷ್ಠ, ತಿಷ್ಠ. ಚಾತುರ್ಮಾಸದ ಆ ಬೆಳಿಗ್ಗೆ ಅಥಣಿಯ ನಮ್ಮ ಓಣಿಯಲ್ಲಿ ಬಾಗಿಲು ಬಾಗಿಲಿನಿಂದ ಎದ್ದ, ಇಲ್ಲೇ ನಿಲ್ಲಿ ಎಂಬ ಆ ಕರೆ ಇನ್ನೂ ನನ್ನ ಕಿವಿಯಲ್ಲಿದೆ. ನಮ್ಮ ಜೈನ ಮುನಿಗಳು ಯಾರ ಮನೆಯ ಮುಂದೆ ನಿಲ್ಲುತ್ತಾರೋ ಅಲ್ಲೇ ಅವರ ದಿನದ ಒಂದೇ ಊಟ. ಅದೂ ನಿಂತುಕೊಂಡು, ಬೊಗಸೆಯಲ್ಲಿ.

ಆ ಬೊಗಸೆಗೆ ಒಂದು ಗಿಂಡಿ ಹಾಲು ತನ್ನ ಕೈಯಾರೆ ಹಾಕಬೇಕೆಂಬುದು ನನ್ನ ನೆಗೆಣ್ಣಿಯ ಆಸೆ. ನನ್ನ ಗಂಡನ ಅಣ್ಣನ ಹೆಂಡತಿ. ನಾನು ಅಕ್ಕಾ ಎನ್ನುತ್ತಿದ್ದೆ. ಅವಳ ಕೈ ನಡುಗಲು ಹತ್ತಿ ಎಂಟು ಹತ್ತು ವರ್ಷವಾಗಿತ್ತು. ಮಿರಜದ ಡಾಕ್ಟರು, ಪಾರ್ಕಿನ್ಸನ್ ಅಲ್ಲ, ಬರೀ ಟ್ರೆಮರ್ ಎಂದಿದ್ದರು. ಆ ‘ಬರೀ’ಯಿಂದಾಗಿ ಮುನಿಗಳು ಬಂದಾಗಲೆಲ್ಲ ಅವಳು ಅಡುಗೆಮನೆಯ ಬಾಗಿಲ ಹಿಂದೆ ನಿಲ್ಲುತ್ತಿದ್ದಳು.

ಅವಳ ಮಗಳು ಪುಣೆಯಿಂದ ಕೈಗೆ ಕಟ್ಟುವ ಬ್ಯಾಂಡ್ ತರಿಸಿಕೊಟ್ಟಳು. ಮ್ಯಾನುಯಲ್ ಪೂರ್ತಿ ಇಂಗ್ಲಿಷ್. ಬೆಳಗಾವಿಯ ಕಾನ್ವೆಂಟಿನಲ್ಲಿ ಸಿಸ್ಟರುಗಳು ನನಗೆ ಕಲಿಸಿದ್ದು ಕೊನೆಗೂ ಈ ಮನೆಯಲ್ಲಿ ಉಪಯೋಗಕ್ಕೆ ಬಂತು. ಮಣಿಕಟ್ಟಿನ ನರಕ್ಕೆ ಸಣ್ಣ ಕರೆಂಟು, ಮುಕ್ಕಾಲು ತಾಸಿನ ಸೆಷನ್, ಬಿಚ್ಚಿದ ಮೇಲೂ ಸ್ವಲ್ಪ ಹೊತ್ತು ನಡುಕ ತಗ್ಗಿರುತ್ತದೆ ಎಂದು ಓದಿ ಹೇಳಿದೆ.

“ಇರಿವಿ ಹರದಂಗ ಆಗತೈತಿ ಬೇ,” ಎಂದು ನಕ್ಕಳು ಅಕ್ಕ. ತಿಂಗಳೊಳಗೆ ಅವಳೇ ಸೂಜಿಗೆ ದಾರ ಪೋಣಿಸಿ ತಂದು ತೋರಿಸಿದಳು.

ಆ ದಿನ ಸೆಷನ್ ಮುಗಿಸಿ, ಬ್ಯಾಂಡ್ ಬಿಚ್ಚಿಟ್ಟು, ಸ್ನಾನ ಮಾಡಿ, ಮಡಿಸೀರೆ ಉಟ್ಟಳು. ಮುನಿಗಳು ನಮ್ಮ ಮನೆಗೇ ಬಂದರು. ಮನಃಶುದ್ಧಿ, ವಚನಶುದ್ಧಿ, ಕಾಯಶುದ್ಧಿ ಎಂದು ಎಲ್ಲರ ಜೊತೆ ತಾನೂ ಹೇಳಿ ಅಕ್ಕ ಗಿಂಡಿ ಎತ್ತಿದಳು. ಹಾಲು ಅಲುಗಲಿಲ್ಲ. ಅಷ್ಟರಲ್ಲಿ ನನ್ನ ಮೈದುನ ಪಕ್ಕಕ್ಕೆ ಬಂದು ಗಿಂಡಿಗೆ ಕೈ ಹಾಕಿದ.

“ದೊಡ್ಡ ವೈನಿ, ನೀವು ಹಿಂದ ಸರೀರಿ. ಕರೆಂಟಿನ ಕೈಲೆ ನಡ್ಯಂಗಿಲ್ರಿ,” ಎಂದು ಪಿಸುಗುಟ್ಟಿದ.

ಊಟದ ನಡುವೆ ಜಗಳದ ಮಾತು ಕಿವಿಗೆ ಬಿದ್ದರೆ ಮುನಿಗಳು ಬೊಗಸೆ ಬಿಟ್ಟು ಹೊರಡುತ್ತಾರೆ. ಮರುದಿನದವರೆಗೆ ನೀರೂ ಇಲ್ಲ. ನಾವು ಬಾಯಿ ಬಿಡುವುದಿಲ್ಲವೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಅದೇ ನನಗೆ ಇಂದಿಗೂ ಉರಿಯುವುದು. ಹಾಲು ಹಾಕಿದವನು ಅವನು.

ಮುನಿಗಳು ಹೋದ ಮೇಲೆ ಕೇಳಿದೆ: “ತಮ್ಮಾ, ನಿನ್ನ ಎದಿಯಾಗ ಪೇಸ್‌ಮೇಕರ್ ಐತಲ್ಲ, ಅದೇನು ಎಣ್ಣಿ ಹಾಕಿದ್ರ ನಡಿತೈತಿ?”

“ಅದು ಒಳಗೈತ್ರಿ ವೈನಿ. ಯಾರಿಗೂ ಕಾಣಂಗಿಲ್ರಿ.”

ಎಲ್ಲರೂ ನಕ್ಕರು. ಎಂಥ ಲಾಜಿಕ್. ಅಕ್ಕನ ಕೈಯಲ್ಲಿ ಆಗ ಕಾಣುವಂಥದ್ದೂ ಇರಲಿಲ್ಲ, ಕಾಣದಂಥದ್ದೂ ಇರಲಿಲ್ಲ. ಒಬ್ಬ ಗಂಡಸಿನ ಬ್ಯಾಟರಿ ಶುದ್ಧ, ಹೆಂಗಸಿನದು ಅಶುದ್ಧ; ಅದನ್ನು ಧರ್ಮ ಎನ್ನಬೇಡಿ, ಪ್ಲೀಸ್. ಮುನಿಗಳನ್ನು ಒಂದು ಮಾತು ಕೇಳಿದವರೂ ಯಾರೂ ಇಲ್ಲ. ಸಂಜೆಯೇ ಬಸದಿಗೆ ಹೋಗಿ ನಾನಾದರೂ ಕೇಳಬಹುದಿತ್ತು. ಕೇಳಲಿಲ್ಲ.

ಅಕ್ಕನನ್ನು ಕೊನೆಯ ಸಲ ನೋಡಿದ್ದು ಮರು ಬೇಸಿಗೆಯಲ್ಲಿ, ಕಾಗವಾಡದಲ್ಲಿ ಅವಳ ಮಗಳ ಮನೆಯಲ್ಲಿ. ಪಡಸಾಲೆಯಲ್ಲಿ ಕುಳಿತು ಒಣದ್ರಾಕ್ಷಿಯ ತೊಟ್ಟು ಬಿಡಿಸುತ್ತಿದ್ದಳು. ಕೈ ಮೊದಲಿಗಿಂತ ಹೆಚ್ಚು ನಡುಗುತ್ತಿತ್ತು.

“ಬ್ಯಾಂಡ್ ಯಾಕ ಕಟ್ಟಿಲ್ಲ?”

“ಕಟ್ಟಿದ್ರ ಕೈ ನಂದಲ್ಲಂತ. ನಂದ ಇರ್ಲಿ ಬಿಡು.”

ಹೊರಟಾಗ ಒಂದು ಹಿಡಿ ದ್ರಾಕ್ಷಿ ಕೊಡಲು ಬಂದಳು. ಅರ್ಧ ನನ್ನ ಕೈಗೆ ಬಿತ್ತು, ಅರ್ಧ ನೆಲಕ್ಕೆ. ಅವಳು ಬಗ್ಗುವ ಮೊದಲೇ ನಾನು ಕುಳಿತು ಎಲ್ಲವನ್ನೂ ಹೆಕ್ಕಿಕೊಂಡೆ.