ಬ್ಯಾಟರಿ ಮಾವ ಗೆದ್ದ ವಾದ

ನೌಕಾನೆಲೆಯ ರಿಪೇರಿ ಕಾರ್ಖಾನೆಯಲ್ಲಿ ಎಲ್ಲರೂ ಅವನನ್ನು ಬ್ಯಾಟರಿ ಮಾವ ಎಂದೇ ಕರೆಯುತ್ತಿದ್ದರು. ಮೂವತ್ತೊಂದು ವರ್ಷ ಅವನು ಮಾಡಿದ್ದು ಒಂದೇ ಕೆಲಸ. ಡೀಸೆಲ್ ಜಲಾಂತರ್ಗಾಮಿಗಳ ಹೊಟ್ಟೆಯೊಳಗೆ ತೆವಳಿಕೊಂಡು ಹೋಗಿ, ಅರ್ಧ ಟನ್ ತೂಗುವ ಬ್ಯಾಟರಿಗಳ ಆಸಿಡ್ ಅಳೆಯುವುದು. ಆಸಿಡ್ ಸಿಡಿದು ಅಂಗಿಗಳೆಲ್ಲ ಜರಡಿಯಾಗಿದ್ದವು, ಎದೆಯೂ ಹೆಚ್ಚುಕಡಿಮೆ ಹಾಗೆಯೇ. ಎರಡು ಮಹಡಿ ಹತ್ತಿದರೆ ಕೆಮ್ಮು ಶುರು.

ಹಾಗಾಗಿ ಕ್ಯಾಂಟೀನಿನಲ್ಲಿ ಅಣುಶಕ್ತಿಯ ಜಲಾಂತರ್ಗಾಮಿಯ ಮಾತು ಬಂದರೆ ಮಾವನ ಬಾಯಿಗೆ ಬೀಗ ಹಾಕಲು ಯಾರಿಂದಲೂ ಆಗುತ್ತಿರಲಿಲ್ಲ. ಜೊತೆಗೆ ಕೆಲಸ ಮಾಡುವ ವೆಲ್ಡರ್ ಒಬ್ಬ ಮಾತ್ರ, ಅದು ದುಬಾರಿ, ಆಳವಿಲ್ಲದ ನೀರಿಗೆ ಸಲ್ಲದು, ನಮ್ಮ ಡೀಸೆಲ್ ದೋಣಿ ಬ್ಯಾಟರಿಯಲ್ಲಿ ಓಡುವಾಗ ಸದ್ದೇ ಇಲ್ಲ ಎಂದು ಪಟ್ಟು ಹಿಡಿಯುತ್ತಿದ್ದ.

"ಡೀಸೆಲ್ ದೋಣಿ ಗಾಳಿಗೋಸ್ಕರ ಆಗಾಗ ಮೂತಿ ಮೇಲೆತ್ಬೇಕು ಕಣಯ್ಯ. ಎತ್ತಿದಾಗ್ಲೇ ಶತ್ರು ನೋಡೋದು. ಅಣು ದೋಣಿ ಮೂರು ತಿಂಗಳು ಮೇಲೇನೇ ಬರಲ್ಲ, ಒಳಗೇ ಗಾಳಿ ಮಾಡ್ಕೊಳ್ಳುತ್ತೆ. ಅದ್ರಲ್ಲಿ ಮನುಷ್ಯ ಇರಬಹುದು. ಇದ್ರಲ್ಲಿ ನನ್ನಂಥ ಜಿರಳೆ ಇರಬಹುದು," ಎನ್ನುತ್ತಿದ್ದ ಮಾವ.

ಬ್ಯಾಟರಿಯ ಅನ್ನ ತಿಂದು ಬ್ಯಾಟರಿಯನ್ನೇ ಬೈಯುವ ಆಸಾಮಿ ಎಂದು ಎಲ್ಲರೂ ನಗುತ್ತಿದ್ದರು. ಕೊನೆಗೆ ನೌಕಾಪಡೆ ಅಣು ದೋಣಿಗಳನ್ನೂ ತಂದಿತು. ಮಾವ ವೆಲ್ಡರನ ಮುಂದೆ ಎದೆಯುಬ್ಬಿಸಿ ಎಲ್ಲರಿಗೂ ಚಹಾ ಕೊಡಿಸಿದ.

ನೌಕಾಪಡೆ ಸೇರಿದ ಒಬ್ಬಳೇ ಮಗಳಿಗೆ ಡೀಸೆಲ್, ಅಣು ಎರಡರಲ್ಲಿ ಒಂದನ್ನು ಆರಿಸುವ ಸರದಿ ಬಂದಾಗಲೂ ಅವನು ಅಣು ದೋಣಿಯನ್ನೇ ಹೇಳಿದ.

"ಮೇಲೆ ಬರೋ ದೋಣಿಯಾದ್ರೆ ಬೇಗ ಮನೆಗೂ ಬರ್ತಾಳಲ್ಲ," ಎಂದು ಹೆಂಡತಿ ಗೊಣಗಿದಳು.

"ನಿನಗೆ ಗೊತ್ತಾಗಲ್ಲ, ಸುಮ್ನಿರು," ಎಂದ ಮಾವ. ಮಗಳು ಅಪ್ಪನ ಮಾತು ಕೇಳಿದಳು.

ಅವಳು ಮೂರನೆಯ ಸಲ ನೀರಿಗಿಳಿದು ಇಪ್ಪತ್ತು ದಿನವಾದಾಗ ತಾಯಿಗೆ ರಕ್ತದ ಕ್ಯಾನ್ಸರ್ ಎಂದು ಗೊತ್ತಾಯಿತು. ವೈದ್ಯರು ವಾರಗಳ ಮಾತಾಡಿದರು, ವರ್ಷದ ಮಾತೇ ಎತ್ತಲಿಲ್ಲ. ಮನೆಯವರು ವಾರಕ್ಕೆ ನಲವತ್ತು ಪದ ಬರೆದುಕೊಟ್ಟರೆ ನೌಕಾಪಡೆಯ ಕಚೇರಿಯವರು ಓದಿ, ರೇಡಿಯೊದಲ್ಲಿ ದೋಣಿಗೆ ಕಳಿಸುತ್ತಿದ್ದರು. ಅತ್ತಲಿಂದ ಉತ್ತರ ಬರುವಂತಿಲ್ಲ, ಇತ್ತಲಿಂದ ಕೆಟ್ಟ ಸುದ್ದಿ ಹೋಗುವಂತಿಲ್ಲ. ಕಾಯಿಲೆಯ ಸುದ್ದಿಯಿದ್ದ ಮಾವನ ಚೀಟಿಯನ್ನು ಅಲ್ಲಿನ ಗುಮಾಸ್ತೆ ಹಿಂದಕ್ಕೆ ತಳ್ಳಿದಳು.

"ಹೇಳಿದ್ರೂ ದೋಣಿ ತಿರುಗಲ್ಲ, ಮಾವ. ಆ ಹುಡುಗಿ ಅಲ್ಲಿ ಎಲ್ಲಿ ಹೋಗಿ ಅಳಬೇಕು?"

ಅವನು ಅಲ್ಲೇ ನಿಂತು "ಅಮ್ಮ ಚೆನ್ನಾಗಿದ್ದಾಳೆ" ಎಂದು ಬರೆದುಕೊಟ್ಟ. ಆಸ್ಪತ್ರೆಯಲ್ಲಿ ಹೆಂಡತಿ ಬಾಗಿಲು ನೋಡುತ್ತ "ಇನ್ನೆಷ್ಟು ದಿನ?" ಎಂದು ದಿನಾ ಕೇಳುತ್ತಿದ್ದಳು. ಒಂದು ದಿನವೂ ಅವನನ್ನು ದೂರಲಿಲ್ಲ. ಮಗಳು ನೀರಿಗಿಳಿದ ಅರವತ್ತಮೂರನೆಯ ದಿನ ಬೆಳಗ್ಗೆ ಏನೂ ಕೇಳಲಿಲ್ಲ, ಮಧ್ಯಾಹ್ನ ಹೋಗಿಬಿಟ್ಟಳು. ಆಮೇಲೂ ನಾಲ್ಕು ವಾರ ಮಾವ ಅಮ್ಮ ಚೆನ್ನಾಗಿದ್ದಾಳೆ ಎಂದೇ ಬರೆದ. ಅಂಥ ಸುಳ್ಳು ಜನ್ಮದಲ್ಲೇ ಬರೆದವನಲ್ಲ.

ತೊಂಬತ್ತೊಂದನೆಯ ದಿನ ಮಗಳು ದಡಕ್ಕೆ ಬಂದಳು. ಕಚೇರಿಯ ಕೋಣೆಯೊಂದರಲ್ಲಿ ಕೂರಿಸಿ ಮಾವನೇ ಹೇಳಿದ. ಅವಳು ಮೇಜಿನ ಅಂಚನ್ನು ಹೆಬ್ಬೆರಳಿನಿಂದ ಉಜ್ಜುತ್ತ ಕುಳಿತಳು.

"ಅಪ್ಪ, ಡೀಸೆಲ್ ದೋಣಿಲಿದ್ದಿದ್ರೆ ಅಮ್ಮ ಸಿಕ್ತಿದ್ಲಾ?"

ಆ ದೋಣಿಗಳ ತಾಕತ್ತು ಎಷ್ಟು ದಿನದ್ದೆಂದು ಅವನಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ಐವತ್ತನೆಯ ದಿನಕ್ಕೆ ಅವು ದಡ ಸೇರಲೇಬೇಕು. ಇಲ್ಲ ಎಂದುಬಿಡೋಣ ಅನಿಸಿತು, ಆದರೆ ಇನ್ನೊಂದು ಸುಳ್ಳು ಹೇಳಲಾಗಲಿಲ್ಲ.

"ಸಿಕ್ತಿದ್ಲು ಕಣಮ್ಮ. ಹದಿಮೂರು ದಿನ ಸಿಕ್ತಿದ್ಲು."

ಅವಳು ಬೈಯಲಿ ಎಂದು ಕಾದ. ಬೈದಿದ್ದರೆ ಅವನ ಎದೆ ಸ್ವಲ್ಪ ಹಗುರಾಗುತ್ತಿತ್ತು. ಅವಳು ಕುರ್ಚಿಯನ್ನು ಅವನ ಹತ್ತಿರಕ್ಕೆ ಎಳೆದುಕೊಂಡಳು.

"ಆ ಹದಿಮೂರು ದಿನ ಅಮ್ಮ ಏನೇನ್ ಮಾತಾಡಿದ್ಲು, ಒಂದೊಂದೇ ಹೇಳಪ್ಪ."

ಮಾವ ಐವತ್ತನೆಯ ದಿನದ ಬೆಳಗಿನಿಂದ ಶುರುಮಾಡಿದ.